ಆಕ್ಷೇಪಣೆ ಬರೆಯಿರಿ, ಆದರೆ ಜಾಗದ ಬಗ್ಗೆ ಬರೆಯಿರಿ

ಬಡಾವಣೆಯ ಅಸೋಸಿಯೇಷನ್‌ನವರು ನನಗೆ ತಂದು ತೋರಿಸುವ ಆಕ್ಷೇಪಣೆ ಪತ್ರಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೇಲೊಂದು ಪುಟ, ಅದರ ಹಿಂದೆ ಪಿನ್ ಹೊಡೆದ ಸಹಿ ಹಾಳೆಗಳು. ನಮ್ಮದು ಶಾಂತವಾದ ಬಡಾವಣೆ, ಪಕ್ಕದ ಜಾಗದಲ್ಲಿ ಬಡವರಿಗೆ ಫ್ಲ್ಯಾಟ್ ಕಟ್ಟಲು ಹೊರಟಿದ್ದಾರೆ, ಇದರಿಂದ ಏರಿಯಾದ ವಾತಾವರಣ ಕೆಡುತ್ತದೆ, ಆದ್ದರಿಂದ ಕೈಬಿಡಬೇಕು ಎಂದು ಬರೆದಿರುತ್ತದೆ. ಸಹಿ ಮಾತ್ರ ನೂರಾರು. "ಇಷ್ಟು ಜನ ಸೈನ್ ಹಾಕಿದ್ದೀವಿ ಸರ್, ಇನ್ನು ಅವರು ಮುಂದುವರಿಯೋ ಹಾಗಿಲ್ಲ ಅಲ್ವಾ?" ಎಂದು ಕೇಳುತ್ತಾರೆ.

ಮುಂದುವರಿಯಬಹುದು. ಆ ಪತ್ರ ಕಡತದಲ್ಲಿ ಇದ್ದೂ ಆರಾಮಾಗಿ ಮುಂದುವರಿಯಬಹುದು.

ಬೆಂಗಳೂರಿನಲ್ಲಿ ನಗರ ಯೋಜನೆಯ ಕೆಲಸ ಮಾಡುತ್ತಾ ನನಗೆ ಈ ಸಂಘಗಳ ಮೇಲೆ ಗೌರವ ಬೆಳೆದಿದೆ. ಎಲ್ಲಾದರೂ ಒಂದು ಪಾರ್ಕು ಉಳಿದಿದ್ದರೆ, ಕೆರೆಗೆ ಬೇಲಿ ಬಿದ್ದಿದ್ದರೆ, ಯಾರೋ ನಿವೃತ್ತ ಮೇಷ್ಟ್ರು, ಯಾರೋ ಗೃಹಿಣಿ ಬಿಸಿಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆದಿರುತ್ತಾರೆ. ಅದಕ್ಕೇ ಇಂಥ ಪತ್ರ ನೋಡಿದಾಗ ನನಗೆ ಬೇಸರ ಜಾಸ್ತಿ. ಅಷ್ಟೆಲ್ಲ ಓಡಾಡುವ ಜನ ಕೇಳಬಾರದ ಪ್ರಶ್ನೆ ಕೇಳಿಕೊಂಡು ಕೂತಿರುತ್ತಾರೆ.

ಮಾಸ್ಟರ್ ಪ್ಲಾನ್, ಅಂದರೆ ಜನ ಈಗಲೂ ಸಿಡಿಪಿ ಎಂದೇ ಕರೆಯುವ ನಕ್ಷೆ, ಒಂದು ಜಾಗದಲ್ಲಿ ಏನು ನಡೆಯಬಹುದು ಎಂದು ಹೇಳುತ್ತದೆ. ಅಲ್ಲಿ ಯಾರು ಇರಬೇಕು ಎಂದು ಹೇಳುವುದಿಲ್ಲ. ನಾನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಮಾತು ಇದೊಂದೇ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ನಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಹಳದಿ ಬಣ್ಣ ಇದೆಯೆಂದರೆ ಅದು ವಸತಿ ವಲಯ. ವಸತಿ ಅಂದರೆ ವಸತಿ. ಅಲ್ಲಿ ನಾಲ್ಕು ಸಾವಿರ ಚದರಡಿಯ ಬಂಗಲೆ ಕಟ್ಟಿದರೂ ವಸತಿ, ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ 30 ಚದರ ಮೀಟರಿನ ಮನೆ ಕಟ್ಟಿದರೂ ವಸತಿ. ಕಾಫಿ ಕುಡಿಯುವವರು ಬೇರೆ, ಸಂಬಳ ಬೇರೆ, ಜಾಗದ ಉಪಯೋಗ ಮಾತ್ರ ಅದೇ. ಮನೆಯ ಜಾಗದಲ್ಲಿ ಮನೆ ಕಟ್ಟುವುದಕ್ಕೆ ಭೂ ಉಪಯೋಗ ಬದಲಾವಣೆ ಬೇಕಾಗಿಲ್ಲ. ಬದಲಾವಣೆಯೇ ಇಲ್ಲದ ಮೇಲೆ ಅದರ ವಿರುದ್ಧ ಆಕ್ಷೇಪಣೆ ಎಲ್ಲಿಂದ ಬಂತು? "ಕೆಲಸದವರು, ಗಾರ್ಮೆಂಟ್ಸ್‌ನವರು ಬಂದು ತುಂಬಿಕೊಳ್ಳುತ್ತಾರೆ" ಎನ್ನುವುದು ಯೋಜನಾ ಕಾಯ್ದೆಯ ಯಾವ ಕಲಮಿನಲ್ಲೂ ಕಾರಣವಲ್ಲ. ಕಾರಣ ಆಗಲೂಬಾರದು.

ಜಾಗ ಹಳದಿ ಅಲ್ಲದೆ ಕೈಗಾರಿಕೆಯದೋ ಕೃಷಿ ವಲಯದ್ದೋ ಆಗಿದ್ದರೆ ಮಾತು ಬೇರೆ. ಆಗ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮು ಬರುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಸರ್ಕಾರದ ಪೂರ್ವಾನುಮತಿ ಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಬೇಕು. ಆ 15 ದಿನ ನಿಮ್ಮದು. ಕಷ್ಟ ಏನೆಂದರೆ, ಪ್ರಕಟಣೆಯಲ್ಲಿ "ನಿಮ್ಮ ಪಾರ್ಕಿನ ಹಿಂದಿನ ಖಾಲಿ ಜಾಗ" ಎಂದು ಬರೆದಿರುವುದಿಲ್ಲ. ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರ್ ಇರುತ್ತದೆ. ನಮ್ಮ ಬಡಾವಣೆ ಯಾವ ಗ್ರಾಮದ ಯಾವ ಸರ್ವೆ ನಂಬರಿನ ಮೇಲೆ ಕೂತಿದೆ ಎಂದು ಅಲ್ಲಿರುವವರಿಗೇ ಗೊತ್ತಿರುವುದಿಲ್ಲ. ಜೆಸಿಬಿ ಬಂದು ನಿಂತ ಮೇಲೆ ನನಗೆ ಫೋನ್ ಬರುತ್ತದೆ. ಅಷ್ಟರಲ್ಲಿ ಗಡುವು ಮುಗಿದು ತಿಂಗಳುಗಳೇ ಆಗಿರುತ್ತವೆ. ಆ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಅಸೋಸಿಯೇಷನ್ ಆಫೀಸಿನ ಗೋಡೆಗೆ ಅಂಟಿಸಿಬಿಡಿ, ಯಾರಾದರೂ ಒಬ್ಬರು ಬೆಳಗ್ಗೆ ಪೇಪರ್ ನೋಡುವಾಗ ಆ ಕಡೆಗೂ ಕಣ್ಣು ಹಾಯಿಸಲಿ.

ನಕ್ಷೆ ನೋಡಿದ್ದೀವಿ ಎನ್ನುವವರಿಗೂ ಒಂದು ಮಾತು. ಬೆಂಗಳೂರಿಗೆ ನಾವು ಬಿಡಿಸಿ ನೋಡುವುದು 2015ನೇ ಇಸವಿವರೆಗಿನ ಬೆಳವಣಿಗೆಗೆಂದು ಮಾಡಿ 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನನ್ನು. 2031ರ ಕರಡು 2017ರಲ್ಲಿ ಹೊರಬಂದು ಆಮೇಲೆ ವಾಪಸಾಯಿತು. ವಾಟ್ಸಾಪಿನಲ್ಲಿ ಓಡಾಡುವ ನಕ್ಷೆ ಯಾವುದು ಎಂದು ಖಾತ್ರಿ ಮಾಡಿಕೊಳ್ಳದೆ ಏನೂ ಬರೆಯಬೇಡಿ.

ಜಾಗದ ಬಗ್ಗೆ ವಾದಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮೂರಲ್ಲೇ ಒಳ್ಳೆಯ ಉದಾಹರಣೆ ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ನಡುವಿನ ಪ್ರಕರಣ ಎಂದೇ ಅದು ಹೆಸರಾಗಿದೆ. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಆಸ್ಪತ್ರೆ ಕೆಟ್ಟದ್ದು ಎಂದು ಯಾರೂ ಹೇಳಲಿಲ್ಲ. ಪಾರ್ಕಿನ ಜಾಗ ಪಾರ್ಕಿಗೇ ಇರಬೇಕು, ಅಷ್ಟೇ. ಎಷ್ಟು ಜನ ಸಹಿ ಹಾಕಿದ್ದಾರೆ, ಆಸ್ಪತ್ರೆಗೆ ಎಂಥವರು ಬರುತ್ತಾರೆ ಎನ್ನುವುದು ಅಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಬಡವರ ಮನೆಯ ಯೋಜನೆಗಳಲ್ಲೂ ಹೀಗೆ ಗಟ್ಟಿಯಾಗಿ ಕೇಳಬೇಕಾದದ್ದು ತುಂಬಾ ಇರುತ್ತದೆ. ಗುರುತಿಸಿದ ಜಾಗ ಪಾರ್ಕಿನದೋ, ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಸಿಎ ಸೈಟೋ, ಮಳೆನೀರು ಹರಿಯುವ ರಾಜಕಾಲುವೆಯ ಬಫರಿನೊಳಗೆ, ಅಂದರೆ ಪಕ್ಕದಲ್ಲಿ ಕಟ್ಟದೆ ಬಿಡಬೇಕಾದ ಜಾಗದಲ್ಲಿ ಬರುತ್ತದೋ, ಹಳೇ ಕೆರೆಯ ಅಂಗಳವೋ ನೋಡಿ. ಹೌದಾದರೆ ಧೈರ್ಯವಾಗಿ ವಿರೋಧಿಸಿ. ಮಳೆ ಬಂದಾಗ ಆ ಮನೆಗಳ ನೆಲಮಹಡಿಗೆ ತಾನೇ ಮೊದಲು ನೀರು ನುಗ್ಗುವುದು? ಖಾಸಗಿಯವರ ಜೊತೆ ಸೇರಿ ಕಟ್ಟುವುದಾದರೆ ಬಡವರಿಗೆ ಎಷ್ಟು ಮನೆ, ಮಾರಾಟಕ್ಕೆ ಎಷ್ಟು, ಮೊದಲು ಕಟ್ಟುವುದು ಯಾವುದು ಎಂದು ಕೇಳಿ. ಆವಾಸ್ ಯೋಜನೆಯ ಪಾಲುದಾರಿಕೆ ಭಾಗದಲ್ಲಿ ಕನಿಷ್ಠ 250 ಮನೆ, ಅದರಲ್ಲಿ ಶೇ. 35ರಷ್ಟಾದರೂ ಆರ್ಥಿಕವಾಗಿ ಹಿಂದುಳಿದವರಿಗೆ ಎಂಬ ನಿಯಮ ಇತ್ತು. ನಿಮ್ಮ ಪಕ್ಕದ ಯೋಜನೆಗೆ ಯಾವ ನಿಯಮ ಅನ್ವಯಿಸುತ್ತದೆ ಎನ್ನುವುದನ್ನು ಆ ಯೋಜನೆಯ ಆದೇಶ ನೋಡಿಯೇ ಹೇಳಬೇಕು. ನಾನು ಇಲ್ಲಿ ಕೂತು ಹೇಳಿದರೆ ತಪ್ಪಾಗುತ್ತದೆ.

ಇನ್ನು ನೀರು, ಒಳಚರಂಡಿ. ಇದರ ಲೆಕ್ಕ ಯಾರು ಬೇಕಾದರೂ ಮಾಡಬಹುದು. 250 ಮನೆ, ಮನೆಗೆ ನಾಲ್ಕು ಜನ ಅಂದರೆ ಸಾವಿರ ಜನ. ಯೋಜನೆ ಮಾಡುವಾಗ ತಲೆಗೆ ದಿನಕ್ಕೆ 135 ಲೀಟರ್ ಹಿಡಿಯುತ್ತಾರೆ. ಒಟ್ಟು 1 ಲಕ್ಷ 35 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ಇಪ್ಪತ್ತೆರಡು ತುಂಬಿದರೂ ಸಾಲದು. ಅದರಲ್ಲಿ ಸುಮಾರು ಶೇ. 80 ಕೊಳಚೆಯಾಗಿ ಹೊರಗೆ ಬರುತ್ತದೆ. ಅದು ಯಾವ ಪೈಪಿಗೆ ಹೋಗುತ್ತದೆ? ಈ ಒಂದು ಪ್ರಶ್ನೆಗೆ ಬರೆದು ಉತ್ತರಿಸಲೇಬೇಕಾದ ಪರಿಸ್ಥಿತಿ ತಂದರೆ ಅದು ಸಹಿ ಹಾಳೆಗಳ ಕಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ದಕ್ಷಿಣ ಬೆಂಗಳೂರಿನ ಒಂದು ಲೇಔಟಿನಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದರು. ಪಕ್ಕದ ಜಾಗದ ಯೋಜನೆಗೆ ಅವರದೂ ವಿರೋಧವೇ. ಆದರೆ ಸಹಿ ಸಂಗ್ರಹಕ್ಕೆ ಅವರು ಹೋಗಲಿಲ್ಲ. ಬೆಳಗ್ಗೆ ಎಲ್ಲರ ಮನೆಯಲ್ಲೂ ಸ್ನಾನ ನಡೆಯುವ ಹೊತ್ತಿಗೆ ಲೈನ್ ನೋಡಿಕೊಳ್ಳುವವರನ್ನು ಕರೆಸಿ, ತಮ್ಮ ರಸ್ತೆಯ ಯುಜಿಡಿ (ಒಳಚರಂಡಿ) ಮುಚ್ಚಳವನ್ನು ಹಾರೆಯಿಂದ ಎತ್ತಿಸಿದರು. ಮೇಲಿನಿಂದಲೇ ಟೇಪು ಇಳಿಬಿಟ್ಟು ಅಳೆದರು, ಫೋಟೋ ತೆಗೆದರು. ಒಂಬತ್ತು ಇಂಚಿನ ಪೈಪು, ಮುಕ್ಕಾಲು ಭಾಗ ತುಂಬಿ ಹರಿಯುತ್ತಿತ್ತು. ಯಾಕೆ ಹಾಗೆ ಎಂದೂ ಅವರೇ ಬರೆದರು: ಒಂದೊಂದು ಸೈಟಿಗೆ ಒಂದೊಂದು ಮನೆ ಎಂದುಕೊಂಡು ಹಾಕಿದ ಲೈನ್, ಈಗ ನಾವೆಲ್ಲ ಬಾಡಿಗೆಗೆಂದು ಮೂರು ನಾಲ್ಕು ಮಹಡಿ ಎಬ್ಬಿಸಿದ್ದೇವೆ. ಈ ಸಾಲು ಬೇಡ, ತೆಗೆಯಿರಿ ಎಂದು ಸಂಘದವರು ಗಲಾಟೆ ಮಾಡಿದರು. ಅವರು ತೆಗೆಯಲಿಲ್ಲ. ನಾನು ನೋಡಿದ ಆಕ್ಷೇಪಣೆಗಳಲ್ಲೇ ಒಳ್ಳೆಯದು ಆ ಒಂದೂವರೆ ಪುಟ. ಅದರಿಂದ ಯೋಜನೆ ನಿಲ್ಲಲಿಲ್ಲ. ಪ್ರತ್ಯೇಕ ಲೈನ್ ಎಳೆದು ಮುಖ್ಯರಸ್ತೆಯ ದೊಡ್ಡ ಪೈಪಿಗೇ ಸೇರಿಸಬೇಕು ಎಂಬ ಷರತ್ತು ಬಿತ್ತು.

ಅದೇ ಯೋಜನೆಯ ಸಭೆಗೆ ಹತ್ತಿರದ ಕಾಲೊನಿಯ ಕೆಲವು ಹೆಂಗಸರೂ ಬಂದಿದ್ದರು. ಮನೆ ಸಿಗಬೇಕಾದವರು ಅವರೇ. ಎಲ್ಲರೂ ಪಾರ್ಕಿಂಗ್ ಬಗ್ಗೆ ಮಾತಾಡಿ ಮುಗಿಸಿದ ಮೇಲೆ ಒಬ್ಬಾಕೆ ಎದ್ದು ನಿಂತು ಕೇಳಿದರು: "ಸಾರ್, ಮೇಲಿನ ಮಹಡಿ ಕೊಡ್ತೀರಂತೆ. ಲಿಫ್ಟು ಕೆಟ್ಟೋದ್ರೆ ನಮ್ಮತ್ತೆ ಇಳಿಯೋದು ಹೆಂಗೆ? ರಿಪೇರಿ ದುಡ್ಡು ಯಾರದು?" ಅಧಿಕಾರಿಗಳ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನ ಒಂದು ಲಕ್ಷ ಬಹುಮಹಡಿ ಮನೆ ಯೋಜನೆಯಲ್ಲಿ ನೆಲಮಹಡಿಯ ಮೇಲೆ ಹದಿನಾಲ್ಕು ಅಂತಸ್ತಿನ ಕಟ್ಟಡಗಳ ವಿನ್ಯಾಸ ಇತ್ತು. ತಿಂಗಳಿಗೆ ಇಷ್ಟೇ ದುಡಿಮೆ ಇರುವ ಮನೆಗೆ ಲಿಫ್ಟು, ಪಂಪು, ಜನರೇಟರಿನ ಖರ್ಚು ಅಂದರೆ ಸುಮ್ನೆ ಮಾತಲ್ಲ. ಅದನ್ನು ಕಟ್ಟಲಾಗದೆ ಹಾಗೇ ಬಿಟ್ಟರೆ ಕಟ್ಟಡ ಬೇಗ ಹಾಳಾಗುತ್ತದೆ. ಏರಿಯಾ ಕೆಡುತ್ತದೆ ಎಂದು ಹೆದರುವವರು ನಿಜವಾಗಿ ಹೆದರಬೇಕಾದದ್ದು ಇದಕ್ಕೆ.

ಊರಾಚೆ ಕಟ್ಟಲಿ ಬಿಡಿ ಎನ್ನುವವರಿಗೆ ನಾನು ಈಜಿಪುರ ನೆನಪಿಸುತ್ತೇನೆ. 2013ರ ಜನವರಿಯಲ್ಲಿ ಅಲ್ಲಿನ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಕ್ವಾರ್ಟರ್ಸ್ ಜಾಗದಿಂದ ನೂರಾರು ಕುಟುಂಬಗಳನ್ನು ಎಬ್ಬಿಸಿದರು. ಎಷ್ಟೋ ಜನ ಅದೇ ರಸ್ತೆಯ ಫುಟ್‌ಪಾತಿನಲ್ಲಿ ಶೀಟು ಕಟ್ಟಿಕೊಂಡು ಉಳಿದರು. ಮನೆಗೆಲಸ, ಅಡುಗೆ, ಮಕ್ಕಳ ಸ್ಕೂಲು ಎಲ್ಲ ಕೋರಮಂಗಲದ ಸುತ್ತಮುತ್ತ ಇರುವವರು ಇನ್ನೆಲ್ಲಿಗೆ ಹೋಗಬೇಕು? ಬೆಳಗ್ಗೆ ಆರೂವರೆಗೆ ನಮ್ಮ ಮನೆಗಳ ಬೆಲ್ ಒತ್ತುವವರು ಎರಡು ಬಸ್ಸು ಬದಲಿಸಿ ಬರಲಿ ಎನ್ನುವುದು ನ್ಯಾಯವಲ್ಲ.

ಕೊನೆಗೆ ಪತ್ರದ ವಿಚಾರ. ಸರ್ವೆ ನಂಬರ್, ಪ್ರಕಟಣೆಯ ತಾರೀಕು ಮೇಲೆ ಹಾಕಿ. ಒಂದೊಂದು ಆಕ್ಷೇಪಣೆಗೂ ಬೇರೆ ಬೇರೆ ನಂಬರ್ ಕೊಡಿ, ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ಬಿಡುವುದು ಕಷ್ಟವಾಗುತ್ತದೆ. ಏನು ಬೇಡ ಎನ್ನುವುದರ ಜೊತೆ ಏನು ಷರತ್ತು ಹಾಕಬೇಕು ಎಂದೂ ಬರೆಯಿರಿ. ಗಡುವಿನೊಳಗೆ ಕೊಟ್ಟು ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಹಾಳೆಗಳನ್ನು ಕೇಳಿ. ನಿಮ್ಮ ಮಾತನ್ನು ಯಾವ ಕಾರಣಕ್ಕೆ ತಳ್ಳಿಹಾಕಿದರು ಎಂದು ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತಾರೆ. ಮುಂದೆ ಕೋರ್ಟಿಗೆ ಹೋಗುವ ಯೋಚನೆ ಇದ್ದರೆ ವಕೀಲರು ಮೊದಲು ಕೇಳುವುದೂ ಆ ಹಾಳೆಗಳನ್ನೇ.