446 ಬೈಟಿನ ಚೀಟಿ

ಒಂದೇ ಕಂಪ್ಯೂಟರಿಗೆ ವಿಂಡೋಸ್ ಜೊತೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮನ್ನೂ ಹಾಕಿದರೆ ಮಷಿನ್ ನಿಧಾನವಾಗುತ್ತದೆ ಎನ್ನುವವರು ಈಗಲೂ ಸಿಗುತ್ತಾರೆ. ಎರಡೂ ಒಟ್ಟಿಗೆ ಓಡುತ್ತಿರುತ್ತವೆ ಅಂತ ಅವರ ಲೆಕ್ಕ. ಇಲ್ಲಪ್ಪ! ಒಂದು ಓಡುವಾಗ ಇನ್ನೊಂದು ಡಿಸ್ಕಿನಲ್ಲಿ ಸುಮ್ನೆ ಬಿದ್ದಿರುವ ಫೈಲುಗಳ ರಾಶಿ. ನಿಮ್ಮ ಹಳೆಯ ಫೋಟೋಗಳು ಪ್ರೊಸೆಸರಿಗೆ ಎಷ್ಟು ಭಾರವೋ ಅದೂ ಅಷ್ಟೇ.

ನಿಜವಾದ ತಮಾಷೆ ಇರುವುದು ಬೇರೆ ಕಡೆ. ಪವರ್ ಬಟನ್ ಒತ್ತಿದಾಗ ಮೆಮೊರಿ ಖಾಲಿ. ಆಪರೇಟಿಂಗ್ ಸಿಸ್ಟಮ್ ಇರುವುದು ಡಿಸ್ಕಿನ ಫೈಲುಗಳಲ್ಲಿ. ಆ ಫೈಲು ಓದಲು ಬರುವುದೋ, ಆಪರೇಟಿಂಗ್ ಸಿಸ್ಟಮ್‌ಗೆ! ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂದ ಹಾಗಾಯಿತು.

ಪವರ್ ಬಂದೊಡನೆ ಮೊದಲು ಓಡುವ, ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಹಳೆಯ ಪ್ರೋಗ್ರಾಮ್ ಬಯಾಸ್ ಈ ಗಂಟು ಬಿಡಿಸಿದ ರೀತಿ ನನಗೆ ತುಂಬ ಇಷ್ಟ. ಅದಕ್ಕೆ ಫೈಲು, ಫೋಲ್ಡರ್ ಒಂದೂ ಗೊತ್ತಿಲ್ಲ. ಡಿಸ್ಕಿನ ಮೊದಲ ಸೆಕ್ಟರನ್ನು, ಅಂದರೆ 512 ಬೈಟಿನ ತುಂಡನ್ನು, ಮೆಮೊರಿಗೆ ಎತ್ತಿಕೊಳ್ಳುತ್ತದೆ. ಕೊನೆಯ 2 ಬೈಟಿನ ಗುರುತು ಸರಿಯಿದ್ದರೆ ಕಣ್ಣು ಮುಚ್ಚಿ ಅದನ್ನೇ ಓಡಿಸುತ್ತದೆ. 1983ರಲ್ಲಿ ಐಬಿಎಂ ಪಿಸಿಯ ಆಪರೇಟಿಂಗ್ ಸಿಸ್ಟಮ್ ಪಿಸಿ ಡಾಸ್ 2.0 ಬಂದಾಗ ಹಾರ್ಡ್ ಡಿಸ್ಕಿನ ಪಾಲುಪಟ್ಟಿಯನ್ನೂ (ಯಾವ ಪಾಲು ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿ) ಅಲ್ಲೇ ತುರುಕಿದರು. ತಲಾ 16 ಬೈಟಿನಂತೆ 4 ಪಾಲು, ಒಟ್ಟು 64. ಕೋಡಿಗೆ ಉಳಿದದ್ದು 446. ಅಕ್ಷರಗಳನ್ನು ಬೈಟಿನಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಅಂದರೆ ಈ ಪ್ಯಾರಾ ಕೂಡ ಅಷ್ಟರಲ್ಲಿ ಹಿಡಿಸಲ್ಲ.

ಇನ್ನು ಎರಡು ಸಿಸ್ಟಮ್‌ಗಳ ಮೆನು ಹೇಗೆ ಹಿಡಿಸೀತು? ಅದಕ್ಕೇ ಗ್ರಬ್ ಎಂಬ ಬೂಟ್ ಲೋಡರ್ (ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಮ್) ಅಲ್ಲಿ ಒಂದು ಚೀಟಿಯನ್ನಷ್ಟೇ ಇಡುತ್ತದೆ: 'ಮುಂದಿನ ತುಂಡು ಇಂಥ ಸೆಕ್ಟರಿನಲ್ಲಿದೆ, ಹೋಗಿ ನೋಡು.' ಆ ತುಂಡಿಗೆ ಫೈಲು ಓದಲು ಬರುತ್ತದೆ. ಮೆನು ತೋರಿಸುವುದು ಅದರ ಬಲದಿಂದ. ಲಿನಕ್ಸ್ ಆರಿಸಿದರೆ ಅದರ ತಿರುಳಾದ ಕರ್ನೆಲನ್ನು ತಾನೇ ಎತ್ತಿ ಕೂರಿಸುತ್ತದೆ. ವಿಂಡೋಸ್ ಆರಿಸಿದರೆ ಅದರ ಬೂಟ್ ಲೋಡರನ್ನು ಎಬ್ಬಿಸಿ, ತಾನು ಪಕ್ಕಕ್ಕೆ ಸರಿಯುತ್ತದೆ.

ಲಿನಕ್ಸ್ ಇರುವ ಮಷಿನ್‌ಗೆ ಆಮೇಲೆ ವಿಂಡೋಸ್ ಹಾಕಿದಾಗ ಲಿನಕ್ಸ್ 'ಮಾಯ'ವಾಗುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಹೊಸಬ ಬಂದು ಹಳೆಯ ಚೀಟಿಯ ಮೇಲೆ ತನ್ನ ಚೀಟಿ ಬರೆಯುತ್ತಿದ್ದ. ಲಿನಕ್ಸಿನ ಫೈಲುಗಳು ಇದ್ದಲ್ಲೇ ಇರುತ್ತಿದ್ದವು. ಇದು ತಿಳಿಯದೆ ನಾನೊಮ್ಮೆ ಇಡೀ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ ಕೂತಿದ್ದೆ. ಬಯಾಸಿನ ಜಾಗಕ್ಕೆ ಬಂದಿರುವ ಈಗಿನ ಯುಇಎಫ್‌ಐಗೆ ಫ್ಯಾಟ್ ಎಂಬ ಮಾದರಿಯ ಪಾಲಿನಲ್ಲಿರುವ ಫೈಲುಗಳನ್ನು ಓದಲು ಬರುತ್ತದೆ. ಒಂದೊಂದು ಸಿಸ್ಟಮ್‌ಗೂ ಅಲ್ಲಿ ಬೇರೆ ಫೋಲ್ಡರ್. ಜಗಳ ಜಾಸ್ತಿ ಇಲ್ಲ.

ಒಂದು ಮಾತು ಮಾತ್ರ ತಿದ್ದಿಕೊಳ್ಳಬೇಕು. 'ಸುಮ್ನೆ ಬಿದ್ದಿರುವ ರಾಶಿ' ಅಂದೆನಲ್ಲ, ವಿಂಡೋಸ್ ಕೆಲವು ಸಲ ಬಿದ್ದಂತೆ ನಟಿಸುತ್ತದೆ. ಬೇಗ ಶುರುವಾಗಲೆಂದು ಅದರಲ್ಲಿರುವ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಅದರ ಕರ್ನೆಲ್ ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಪುಸ್ತಕ ಮುಚ್ಚದೆ ಬೆರಳಿಟ್ಟು ನಿದ್ದೆ ಹೋದವರ ಹಾಗೆ. ಆ ಹೊತ್ತಿನಲ್ಲಿ ಲಿನಕ್ಸ್ ಬಂದು ಪುಟ ತಿರುಗಿಸಿದರೆ, ಎದ್ದವರಿಗೆ ಎಲ್ಲವೂ ತಲೆಕೆಳಗು. ಲಿನಕ್ಸ್ ಅಂಥ ಪಾಲಿಗೆ ಬರೆಯಲು ಒಪ್ಪದೆ ಹಟ ಹಿಡಿಯುವುದು ಅದಕ್ಕೇ. ಬೈಯಬೇಡಿ, ವಿಂಡೋಸಿಗೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ ಬನ್ನಿ.