ಬೆಡ್ ಸಿಗೋವರೆಗೆ ಟ್ರಾಲಿ ಮೇಲೆ

‘ಬೆಡ್ ಖಾಲಿ ಇಲ್ಲ’ ಎಂಬ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದುಂಟು. 1992ರಲ್ಲಿ ಪಶ್ಚಿಮ ಬಂಗಾಳದ ಕೂಲಿಕಾರರೊಬ್ಬರು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಸರ್ಕಾರಿ ಆಸ್ಪತ್ರೆಗಳನ್ನು ಒಂದೊಂದಾಗಿ ಅಲೆದರೂ ಜಾಗ ಸಿಗಲಿಲ್ಲ. ಕೊನೆಗೆ ಕೈಯಿಂದ ಹಣ ಹಾಕಿ ಖಾಸಗಿ ಆಸ್ಪತ್ರೆ ಸೇರಿದರು. 1996ರ ತೀರ್ಪಿನಲ್ಲಿ ಕೋರ್ಟ್ 25 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಜೊತೆಗೆ ಇನ್ನೊಂದು ಮಾತು ಹೇಳಿತು: ಎಲ್ಲಿ ಬೆಡ್ ಇದೆ ಎಂದು ಒಂದೇ ಕಡೆ ಗೊತ್ತಾಗಬೇಕು, ರೋಗಿಯನ್ನು ನೇರ ಅಲ್ಲಿಗೇ ಕಳಿಸಬೇಕು.

ತುರ್ತು ರೋಗಿಯನ್ನು ಯಾವ ಡಾಕ್ಟರೂ ವಾಪಸ್ ಕಳಿಸುವಂತಿಲ್ಲ ಎಂದು 1989ರಲ್ಲೇ ತೀರ್ಪಾಗಿತ್ತು. 2006ರಲ್ಲಿ ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದ ಟ್ರಸ್ಟ್ ಆಸ್ಪತ್ರೆಗಳಿಗೆ, ಅಂದರೆ ಧರ್ಮಾರ್ಥ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳಿಗೆ, ಯೋಜನೆಯೊಂದನ್ನು ಹಾಕಿಕೊಟ್ಟಿತು. ಶೇ 10ರಷ್ಟು ಬೆಡ್ ತೀರಾ ಬಡವರಿಗೆ ಉಚಿತ, ಇನ್ನೂ ಶೇ 10 ರಿಯಾಯಿತಿ ದರದಲ್ಲಿ. ತುರ್ತು ಇದ್ದರೆ ಡಿಪಾಸಿಟ್ ಕೇಳುವಂತಿಲ್ಲ.

ಇವೆಲ್ಲ ಆಸ್ಪತ್ರೆಯ ಗೇಟಿನ ಬಗ್ಗೆ ಆದ ಮಾತು. ಒಳಗೆ ಬಂದ ಮೇಲಿನ ಕಾಯುವಿಕೆಯನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಕ್ಯಾಶುವಾಲಿಟಿಯಲ್ಲಿ ಡಾಕ್ಟರು ನೋಡಿರುತ್ತಾರೆ, ಕೇಸ್ ಪೇಪರ್ ಮೇಲೆ ‘ಅಡ್ಮಿಟ್’ ಎಂದೂ ಬರೆದಿರುತ್ತಾರೆ, ಆದರೆ ವಾರ್ಡಿನಲ್ಲಿ ಬೆಡ್ ಇರುವುದಿಲ್ಲ. ಸಿಗೋವರೆಗೆ ಟ್ರಾಲಿ, ಅಂದರೆ ಚಕ್ರದ ಸ್ಟ್ರೆಚರ್ ಮೇಲೇ ಮಲಗಬೇಕು. ಮುಂಬೈಯ ಕೆಇಎಂ, ಸಾಯನ್‌ನಂಥ ಪಾಲಿಕೆ ಆಸ್ಪತ್ರೆಗಳು ಬಂದವರನ್ನು ಸೇರಿಸಿಕೊಳ್ಳುತ್ತವೆ, ಎರಡು ಬೆಡ್ ನಡುವೆ ನೆಲದ ಮೇಲೆ ಹಾಸಿಗೆ ಹಾಕಿಯಾದರೂ. 1926ರಲ್ಲಿ ಶುರುವಾದ ಕೆಇಎಂನಲ್ಲಿ ಈಗ 1,800ಕ್ಕೂ ಹೆಚ್ಚು ಬೆಡ್ ಇವೆ, ಅವೂ ಸಾಲುವುದಿಲ್ಲ. ಉಪನಗರದ ಸಣ್ಣ ಆಸ್ಪತ್ರೆಗಳು ಗಂಭೀರ ಕೇಸನ್ನು ಇಲ್ಲಿಗೇ ದಾಟಿಸುತ್ತವೆ.

ಬೆಡ್ ಖಾಲಿಯಾಗದ ಕಾರಣ ಎಷ್ಟೋ ಸಲ ಆಸ್ಪತ್ರೆಯ ಹೊರಗಿರುತ್ತದೆ. ಡಿಸ್ಚಾರ್ಜ್ ಬರೆದಾಗಿದೆ, ಆದರೆ ಅಜ್ಜಿಯ ಮನೆ ಲಿಫ್ಟ್ ಇಲ್ಲದ ಚಾಳಿನ ಮೂರನೇ ಮಾಳಿಗೆಯಲ್ಲಿದೆ. ಮೂತ್ರದ ನಳಿಗೆ ಹಾಕಿದೆ, ಮಗ, ಸೊಸೆ ಇಬ್ಬರೂ ಬೆಳಗ್ಗೆ ಲೋಕಲ್ ಹತ್ತುವವರು. ‘ಇನ್ನೆರಡು ದಿನ ಇಟ್ಟುಕೊಳ್ಳಿ ಡಾಕ್ಟ್ರೇ’ ಅನ್ನುತ್ತಾರೆ. ಅವರನ್ನು ಬೈಯೋದು ಸುಲಭ.

ಟ್ರಾಲಿ ಮೇಲೆ ಕಳೆಯುವ ರಾತ್ರಿಗೆ ಬೆಲೆ ತೆರುವವರು ವಯಸ್ಸಾದವರೇ. ಟ್ರಾಲಿ ಕಿರಿದು, ಹಾಸಿಗೆ ತೆಳು, ಬೆನ್ನು ಹುಣ್ಣಾಗುತ್ತದೆ. ಮೂತ್ರಕ್ಕೆ ಏಳಲು ಹೋಗಿ ಬೀಳುತ್ತಾರೆ. ದಿನವೂ ನುಂಗುವ ಬಿಪಿ, ಶುಗರ್ ಮಾತ್ರೆ ತಪ್ಪುತ್ತದೆ. ಫ್ರಾನ್ಸಿನಲ್ಲಿ 97 ತುರ್ತು ವಿಭಾಗಗಳಲ್ಲಿ 75 ದಾಟಿದ 1,598 ರೋಗಿಗಳನ್ನು ಗಮನಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತುರ್ತು ವಿಭಾಗದಲ್ಲೇ ರಾತ್ರಿ ಕಳೆದವರಲ್ಲಿ ಶೇ 15.7 ಜನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಧ್ಯರಾತ್ರಿಯೊಳಗೆ ವಾರ್ಡ್ ಸೇರಿದವರಲ್ಲಿ ಇದು ಶೇ 11.1.

ರಾತ್ರಿಯಿಡೀ ದೀಪ, ಗದ್ದಲ, ನಿದ್ದೆಗೇಡು ಸೇರಿದರೆ ಹಿರಿಯರಿಗೆ ಬುದ್ಧಿ ಮಂಕಾಗುತ್ತದೆ. ಉಡುಪಿ, ಕುಂದಾಪುರದಿಂದ ಹುಡುಗರಾಗಿ ಬಂದು ಹೋಟೆಲಿನಲ್ಲಿ ದುಡಿದ ನಮ್ಮ ಕಡೆಯವರು ಎಷ್ಟೋ ಜನ ಈಗ ಆ ವಯಸ್ಸಿನಲ್ಲಿದ್ದಾರೆ. ಗೊತ್ತಿದ್ದ ಅಜ್ಜನೊಬ್ಬರು ಟ್ರಾಲಿ ಮೇಲೆ ಮಲಗಿ, ಸಲೈನ್ ಕೀಳುತ್ತಾ, ‘ಆರನೇ ಟೇಬಲ್ಲಿಗೆ ಇಡ್ಲಿ ಹೋಯ್ತಾ?’ ಎಂದು ಬೆಳಗಿನವರೆಗೆ ಕೇಳುತ್ತಿದ್ದರು. ಹಿಂದಿ, ಮರಾಠಿ ಎರಡೂ ನೀರು ಕುಡಿದಷ್ಟು ಸಲೀಸಾಗಿದ್ದ ಮನುಷ್ಯ, ಆ ರಾತ್ರಿ ಬಾಯಿಗೆ ಬಂದದ್ದು ಕನ್ನಡ ಮಾತ್ರ. ಸಿಸ್ಟರ್ ಕೈ ಕಟ್ಟಿಹಾಕಿದರು. ಪಕ್ಕದಲ್ಲಿ ಕನ್ನಡ ಬಲ್ಲವರು ಒಬ್ಬರಿದ್ದರೆ ಅದು ಬೇಕಾಗುತ್ತಿರಲಿಲ್ಲವೇನೋ.

1996ರಲ್ಲಿ ಕೋರ್ಟ್ ಹೇಳಿದ ಕೆಲಸವನ್ನು ಮುಂಬೈ ಒಮ್ಮೆ ಮಾಡಿ ತೋರಿಸಿತು. 2020ರ ಜೂನ್‌ನಲ್ಲಿ ಪಾಲಿಕೆ ನಗರದ ತನ್ನ 24 ಆಡಳಿತ ವಾರ್ಡುಗಳಲ್ಲೂ ಕೋವಿಡ್ ವಾರ್ ರೂಮ್ ತೆರೆಯಿತು. ಖಾಲಿ ಬೆಡ್ಡಿನ ಲೆಕ್ಕ ಅಲ್ಲೇ, ಹಂಚಿಕೆಯೂ ಅಲ್ಲಿಂದಲೇ. 2021ರ ಮೇನಲ್ಲಿ ಆಕ್ಸಿಜನ್ ಪೂರೈಕೆಯ ಮಾತು ಬಂದಾಗ ಸುಪ್ರೀಂ ಕೋರ್ಟ್ ಮುಂಬೈ ಪಾಲಿಕೆಯ ಕೆಲಸವನ್ನು ಮೆಚ್ಚಿತು. ಕೋವಿಡ್ ಇಳಿಯಿತು, ವಾರ್ ರೂಮ್‌ಗಳೂ ಮುಚ್ಚಿದವು. ನನ್ನ ತಕರಾರು ಇಷ್ಟೇ: ಒಂದು ಕಾಯಿಲೆಗೆ ಆಗಿದ್ದು ಸೊಂಟ ಮುರಿದ ಅಜ್ಜಿಗೆ ಯಾಕೆ ಆಗಬಾರದು?

ಆಮೇಲೆ ಬಂದಿದ್ದೆಲ್ಲ ದುಡ್ಡಿನ ಕಡೆಯ ಅನುಕೂಲ. 2024ರ ಮೇನಲ್ಲಿ ವಿಮಾ ನಿಯಂತ್ರಕರು ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರ ಕಟ್ಟುವ) ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಎಂದರು. ಅದೇ ಅಕ್ಟೋಬರ್‌ನಲ್ಲಿ 70 ದಾಟಿದವರಿಗೆಲ್ಲ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಕಾರ್ಡ್ ಬಂತು. ಬಿಲ್ಲಿನ ಚಿಂತೆ ಕಡಿಮೆಯಾಗಬಹುದು, ವಾರ್ಡಿನಲ್ಲಿ ಬೆಡ್ ಅಷ್ಟೇ ಇವೆ ಅಲ್ವಾ?

ಸದ್ಯಕ್ಕೆ ಮನೆಯವರ ಕೈಲಿರುವುದು ಸ್ವಲ್ಪವೇ. ಮಾತ್ರೆಗಳ ಚೀಟಿ, ಕನ್ನಡಕ, ಕಿವಿ ಮೆಷಿನ್ ಜೊತೆಗೆ ಒಯ್ಯಿರಿ. ಯಾವ ಯೂನಿಟ್ಟಿನಡಿ, ಅಂದರೆ ಯಾವ ಡಾಕ್ಟರ ತಂಡದಡಿ ಅಡ್ಮಿಟ್ ಆಗಿದೆ ಎಂದು ಕೇಳಿ ಬರೆದುಕೊಳ್ಳಿ. ರಾತ್ರಿಯ ಮಾತ್ರೆ ಕೇಸ್ ಪೇಪರಿನಲ್ಲಿದೆಯೇ ನೋಡಿ. ಟ್ರಸ್ಟ್ ಆಸ್ಪತ್ರೆಯಾದರೆ, ಬಡವರ ಬೆಡ್ಡಿನ ವಿಚಾರ ನೋಡುವ ಮೆಡಿಕಲ್ ಸೋಷಿಯಲ್ ವರ್ಕರ್ ಎಲ್ಲಿ ಕೂರುತ್ತಾರೆ ಎಂದು ಮೊದಲೇ ವಿಚಾರಿಸಿ.