‘ನಂಬಿಕೆಯಿಂದ’, ‘ನಂಬಿಕೆಯಿಂದಲೇ’: ಒಂದಕ್ಷರದ ಐನೂರು ವರ್ಷ

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ಸಂತ ಪೌಲನು ರೋಮನರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಒಂದು ಪದವನ್ನು ಹೆಚ್ಚಿಗೆ ಸೇರಿಸಿದರು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದ ಎಂದು ಗ್ರೀಕ್ ಮೂಲ ಹೇಳುತ್ತದೆ. ‘ನಂಬಿಕೆ ಮಾತ್ರದಿಂದ’ ಎಂದು ಲೂಥರ್ ಬರೆದರು. ಆಕ್ಷೇಪ ಬಂದಾಗ, ಜರ್ಮನ್ ಮಾತಿನ ಜಾಯಮಾನವೇ ಆ ಪದವನ್ನು ಕೇಳುತ್ತದೆ ಎಂದು 1530ರಲ್ಲಿ ಸಮರ್ಥಿಸಿಕೊಂಡರು. ಕನ್ನಡದಲ್ಲಾದರೆ ಬೇರೆ ಪದವೇ ಬೇಡ. ‘ನಂಬಿಕೆಯಿಂದ’ ಎಂಬುದರ ಕೊನೆಗೆ ‘ಲೇ’ ಬಂದರೆ ಸಾಕು. ಪಶ್ಚಿಮದ ಕ್ರೈಸ್ತಲೋಕ ಕಥೋಲಿಕ, ಪ್ರೊಟೆಸ್ಟಂಟ್ ಎಂದು ಎರಡಾದ ಕಥೆಯಲ್ಲಿ ಹಣ, ಅಧಿಕಾರ, ರಾಜಕೀಯ ಎಲ್ಲವೂ ಇವೆ. ಆದರೆ ದೇವಶಾಸ್ತ್ರದ ಮಟ್ಟಿಗೆ ಜಗಳದ ತಿರುಳು ಈ ‘ಲೇ’. ಇದನ್ನು ‘ನೀತೀಕರಣ’ದ ಪ್ರಶ್ನೆ ಎನ್ನುತ್ತಾರೆ: ಪಾಪಿಯಾದ ಮನುಷ್ಯನನ್ನು ದೇವರು ಹೇಗೆ, ಯಾವುದರ ಆಧಾರದ ಮೇಲೆ ಸ್ವೀಕರಿಸುತ್ತಾನೆ?

ಇದು ಮೊದಲ ದಿನದಿಂದಲೂ ಬಗೆಹರಿಯದ ಪ್ರಶ್ನೆಯಾಗಿತ್ತು ಎಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ. 1541ರಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಎರಡೂ ಕಡೆಯ ಪಂಡಿತರು ಒಂದೇ ಮೇಜಿನ ಸುತ್ತ ಕುಳಿತರು. ಲೂಥರ್ ಕಡೆಯಿಂದ ಮೆಲಾಂಕ್ಥನ್, ಬ್ಯೂಸರ್ ಇದ್ದರು. ಕಥೋಲಿಕರ ಕಡೆಯಿಂದ ಎಕ್, ಗ್ರಾಪರ್ ಇದ್ದರು. ಪೋಪರ ಪ್ರತಿನಿಧಿಯಾಗಿ ಕಾರ್ಡಿನಲ್ ಕಾಂಟರೀನಿ ಬಂದಿದ್ದರು. ನೀತೀಕರಣದ ಬಗ್ಗೆ ಅವರು ಒಮ್ಮತದ ಬರಹವನ್ನೇ ಸಿದ್ಧಪಡಿಸಿದರು. ಮಾತುಕತೆ ಮುರಿದದ್ದು ಮುಂದೆ, ಆರಾಧನೆಯಲ್ಲಿ ಹಂಚುವ ಪರಮಪ್ರಸಾದದ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಏನಾಗುತ್ತದೆ, ಸಭೆಯ (ಚರ್ಚಿನ) ಅಧಿಕಾರ ಯಾರದು ಎಂಬ ಪ್ರಶ್ನೆಗಳಲ್ಲಿ. ಆ ಒಮ್ಮತದ ಬರಹವನ್ನು ರೋಮ್ ಒಪ್ಪಲಿಲ್ಲ, ತೇಪೆ ಹಾಕಿದ ಮಾತು ಎಂದು ಲೂಥರ್ ಕೂಡ ತಳ್ಳಿಹಾಕಿದರು. 1547ರ ಜನವರಿಯಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ನೀತೀಕರಣದ ಬಗ್ಗೆ 33 ನಿಯಮಗಳನ್ನು ಹೊರಡಿಸಿತು, ಒಂದೊಂದರ ಕೊನೆಯಲ್ಲೂ ಒಪ್ಪದವನಿಗೆ ಬಹಿಷ್ಕಾರ. ಲೂಥರ್ ಅನುಯಾಯಿಗಳಾದ ಲೂಥರನ್ನರು ತಮ್ಮ ಬೋಧನೆಯನ್ನು ನಿರೂಪಿಸಿದ ನಿಷ್ಠಾಪತ್ರಗಳಲ್ಲೂ ಅಷ್ಟೇ ಗಡಸು ಖಂಡನೆಗಳಿದ್ದವು. ಅಲ್ಲಿಂದ ಮುಂದಿನ ನಾಲ್ಕು ಶತಮಾನ ಒಬ್ಬರ ಗ್ರಂಥವನ್ನು ಇನ್ನೊಬ್ಬರು ತೆರೆದದ್ದು ಹೆಚ್ಚಾಗಿ ತಪ್ಪು ಹುಡುಕುವುದಕ್ಕೆ.

ಓದುವ ರೀತಿ ಬದಲಾದದ್ದು ಯುದ್ಧದಿಂದ ಕುಸಿದ ಜರ್ಮನಿಯಲ್ಲಿ. 1946ರಲ್ಲಿ ಪಾಡರ್‌ಬಾರ್ನ್‌ನ ಕಥೋಲಿಕ ಆರ್ಚ್‌ಬಿಷಪ್ ಲೊರೆಂಟ್ಸ್ ಯೇಗರ್ ಮತ್ತು ಲೂಥರನ್ ಬಿಷಪ್ ವಿಲ್ಹೆಲ್ಮ್ ಸ್ಟೇಲಿನ್ ಸೇರಿ ದೇವಶಾಸ್ತ್ರಜ್ಞರ ಅಧ್ಯಯನ ಮಂಡಳಿಯೊಂದನ್ನು ಕಟ್ಟಿದರು. 1957ರಲ್ಲಿ ಹಾನ್ಸ್ ಕ್ಯುಂಗ್ ಎಂಬ ತರುಣ ಕಥೋಲಿಕ ಪಾದ್ರಿ, ಪ್ರೊಟೆಸ್ಟಂಟ್ ದಿಗ್ಗಜ ಕಾರ್ಲ್ ಬಾರ್ತ್ ಅವರ ನೀತೀಕರಣ ವಿಚಾರವನ್ನು ಟ್ರೆಂಟ್‌ನ ಬೋಧನೆಯ ಪಕ್ಕದಲ್ಲಿಟ್ಟು ಗ್ರಂಥ ಬರೆದರು. ತಮ್ಮ ಮಾತನ್ನು ಕ್ಯುಂಗ್ ಸರಿಯಾಗಿಯೇ ಗ್ರಹಿಸಿದ್ದಾರೆ ಎಂದು ಬಾರ್ತ್ ಅದಕ್ಕೆ ಪತ್ರ ಬರೆದುಕೊಟ್ಟರು. ಎದುರಾಳಿಯ ಬಾಯಿಂದ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನಿಸುವಂತೆ ಅವನ ಮಾತನ್ನು ವಿವರಿಸುವುದು ಎಷ್ಟು ಕಷ್ಟವೆಂದು ವಾದಕ್ಕೆ ಕುಳಿತವರಿಗೆಲ್ಲ ಗೊತ್ತು. 1964ರ ನವೆಂಬರ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇದೇ ಅಭ್ಯಾಸಕ್ಕೆ ಅಧಿಕೃತ ಮುದ್ರೆ ಒತ್ತಿತು. ತಮ್ಮಿಂದ ಬೇರ್ಪಟ್ಟ ಕ್ರೈಸ್ತ ಸೋದರರ ಬೋಧನೆಯನ್ನೂ ಇತಿಹಾಸವನ್ನೂ ಕಥೋಲಿಕರು ಅರಿಯಬೇಕು, ದೇವಶಾಸ್ತ್ರವನ್ನು ಐಕ್ಯತೆಯ ದೃಷ್ಟಿಯಿಂದ ಕಲಿಸಬೇಕು ಎಂದಿತು.

1980ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಜರ್ಮನಿಗೆ ಬಂದುಹೋದ ಬಳಿಕ ಒಂದು ನೇರ ಪ್ರಶ್ನೆ ಎದುರಾಯಿತು: ಹದಿನಾರನೆಯ ಶತಮಾನದ ಖಂಡನೆಗಳು ಇಂದಿನ ನೆರೆಯವನಿಗೆ ತಾಗುತ್ತವೆಯೇ? ಉತ್ತರ ಹುಡುಕುವ ಕೆಲಸ 1946ರ ಅದೇ ಮಂಡಳಿಯ ಪಾಲಿಗೆ ಬಂತು. ಕಾರ್ಲ್ ಲೇಮನ್ ಮತ್ತು ವೋಲ್ಫ್‌ಹಾರ್ಟ್ ಪಾನನ್‌ಬರ್ಗ್ ಸಂಪಾದಿಸಿದ ಅಧ್ಯಯನ 1986ರಲ್ಲಿ ಹೊರಬಂತು. ಇಡೀ ಕಥೆಯಲ್ಲಿ ನಿಧಾನವಾಗಿ ನೋಡಬೇಕಾದ ಘಟ್ಟ ಇದು.

ಅವರು ಮಾಡಿದ್ದಿಷ್ಟೇ: ಒಂದೊಂದು ಖಂಡನೆಯನ್ನೂ ಎತ್ತಿಕೊಂಡು, ಅದು ಯಾರ ಯಾವ ಮಾತಿಗೆ ಗುರಿಯಿಟ್ಟಿತ್ತು, ಆ ಮಾತನ್ನು ಆಡಿದವರು ಅದೇ ಅರ್ಥದಲ್ಲಿ ಆಡಿದ್ದರೇ ಎಂದು ಪರೀಕ್ಷಿಸಿದರು. ‘ನಂಬಿಕೆ’ ಎಂಬ ಪದವನ್ನೇ ನೋಡಿ. ದೇವರಿದ್ದಾನೆಂದು ನಂಬುವುದು ಒಂದು, ದೇವರನ್ನು ನಂಬಿ ಬದುಕುವುದು ಇನ್ನೊಂದು. ಟ್ರೆಂಟ್‌ನ ಪಂಡಿತರು ಪದವನ್ನು ಮೊದಲ ಅರ್ಥಕ್ಕೆ ಹತ್ತಿರವಾಗಿ ಬಳಸಿದರು: ಪ್ರಕಟವಾದ ಸತ್ಯಕ್ಕೆ ಬುದ್ಧಿ ನೀಡುವ ಸಮ್ಮತಿ. ದೆವ್ವಗಳೂ ನಂಬಿ ನಡುಗುತ್ತವೆ ಎಂದು ಯಾಕೋಬನ ಪತ್ರವೇ ಹೇಳುವಾಗ, ಪ್ರೀತಿಯಿಲ್ಲದ ಅಂಥ ಸಮ್ಮತಿಯೊಂದೇ ಸಾಕೆಂದು ಅವರು ಹೇಗೆ ಒಪ್ಪಿಯಾರು? ಲೂಥರ್‌ಗೆ ನಂಬಿಕೆಯೆಂದರೆ ಕ್ರಿಸ್ತನಿಗೆ ತನ್ನನ್ನೇ ಒಪ್ಪಿಸಿಕೊಳ್ಳುವ ಭರವಸೆ. ಆ ಅರ್ಥದಲ್ಲಿ ‘ಲೇ’ ತಪ್ಪಲ್ಲ. ಕನ್ನಡ ಕ್ರೈಸ್ತರಲ್ಲೂ ಕಥೋಲಿಕರ ನಾಲಗೆಗೆ ಹೆಚ್ಚು ಬರುವುದು ‘ವಿಶ್ವಾಸ’, ಪ್ರೊಟೆಸ್ಟಂಟರ ನಾಲಗೆಗೆ ‘ನಂಬಿಕೆ’. ಒಂದೇ ಊರಿನಲ್ಲಿ ಎರಡು ಪದಕೋಶ ಬೆಳೆದರೆ ಕಿವಿಗಳೂ ಬೇರೆಯಾಗುತ್ತವೆ.

ಎಲ್ಲವೂ ಪದಗಳ ಗೊಂದಲವಾಗಿರಲಿಲ್ಲ. ದೀಕ್ಷಾಸ್ನಾನ ಪಡೆದು ಕ್ರೈಸ್ತನಾದವನೂ ‘ಏಕಕಾಲದಲ್ಲಿ ನೀತಿವಂತ ಮತ್ತು ಪಾಪಿ’ ಎಂಬ ಲೂಥರ್ ಅವರ ಮಾತು ಗಟ್ಟಿ ಗಂಟಾಗಿಯೇ ಉಳಿಯಿತು. ಒಳಗೆ ಉಳಿದ ಕೆಟ್ಟ ಸೆಳೆತವೂ ಪಾಪವೇ ಎಂದು ಲೂಥರನ್ನರು ಹೇಳುತ್ತಾರೆ. ಮನಸ್ಸು ಅದಕ್ಕೆ ಒಪ್ಪುವ ತನಕ ಅದು ನಿಜವಾದ ಅರ್ಥದಲ್ಲಿ ಪಾಪವಲ್ಲ ಎಂದು ಕಥೋಲಿಕರು ಹೇಳುತ್ತಾರೆ.

ಅಮೆರಿಕದಲ್ಲಿ 1965ರಿಂದ ನಡೆದ ಕಥೋಲಿಕ–ಲೂಥರನ್ ಸಂವಾದದ ಫಲವೂ ಸೇರಿ, 1997ಕ್ಕೆ ನೀತೀಕರಣದ ಬಗ್ಗೆ 44 ಪರಿಚ್ಛೇದಗಳ ಜಂಟಿ ಘೋಷಣೆಯ ಕರಡು ಸಿದ್ಧವಾಯಿತು. ಮೂಲಭೂತ ಸತ್ಯದಲ್ಲಿ ಒಮ್ಮತ, ವಿವರಣೆಯಲ್ಲಿ ಉಳಿದ ಭೇದ ಆ ಒಮ್ಮತವನ್ನು ಮುರಿಯುವುದಿಲ್ಲ ಎಂಬುದು ಅದರ ಬಗೆ. 1998ರ ಜೂನ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಒಪ್ಪಿತು. ಕೆಲವೇ ದಿನಗಳಲ್ಲಿ ವ್ಯಾಟಿಕನ್ನಿನ ಉತ್ತರ ಬಂತು. ಅದು ಒಮ್ಮತವನ್ನು ಮೆಚ್ಚುತ್ತಲೇ, ಮುಖ್ಯವಾಗಿ ಆ ‘ನೀತಿವಂತ ಮತ್ತು ಪಾಪಿ’ ಎಂಬ ಮಾತಿನ ಬಗ್ಗೆ ತಕರಾರು ಎತ್ತಿತ್ತು. ಇತ್ತ ಜರ್ಮನಿಯ ನೂರಕ್ಕೂ ಹೆಚ್ಚು ಪ್ರೊಟೆಸ್ಟಂಟ್ ಪ್ರಾಧ್ಯಾಪಕರು ಘೋಷಣೆಯ ವಿರುದ್ಧ ಸಹಿ ಹಾಕಿದ್ದರು. ಮೂವತ್ತು ವರ್ಷಗಳ ಶ್ರಮ ಮುಗಿಯಿತೆಂದೇ ಅನೇಕರು ಭಾವಿಸಿದರು. ಆ ನವೆಂಬರ್‌ನಲ್ಲಿ ಕಾರ್ಡಿನಲ್ ರಾಟ್ಸಿಂಗರ್ (ಮುಂದೆ ಪೋಪ್ ಹದಿನಾರನೆಯ ಬೆನೆಡಿಕ್ಟ್) ಮತ್ತು ನಿವೃತ್ತ ಲೂಥರನ್ ಬಿಷಪ್ ಯೋಹಾನಸ್ ಹಾನ್ಸಲ್ಮನ್ ಇನ್ನಿಬ್ಬರೊಡನೆ ಸೇರಿ, ರಾಟ್ಸಿಂಗರ್ ಅವರ ಅಣ್ಣನ ಮನೆಯಲ್ಲಿ ಕುಳಿತು ತೊಡಕು ಬಿಡಿಸುವ ಅನುಬಂಧಕ್ಕೆ ರೂಪ ಕೊಟ್ಟರು. ಆ ಮನೆ ಇದ್ದದ್ದು ರೇಗನ್ಸ್‌ಬರ್ಗ್‌ನಲ್ಲಿ, 1541ರ ಊರಿನಲ್ಲೇ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಸಹಿ ಬಿತ್ತು. ಘೋಷಣೆಯಲ್ಲಿ ನಿರೂಪಿತವಾದ ಬೋಧನೆಗೆ ಹಳೆಯ ಖಂಡನೆಗಳು ತಾಗುವುದಿಲ್ಲ ಎಂದು ಎರಡೂ ಕಡೆ ಹೇಳಿದವು. ಬೇರೆ ಪ್ರೊಟೆಸ್ಟಂಟ್ ಪಂಗಡಗಳಲ್ಲಿ 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ಸುಧಾರಿತ ಸಭೆಗಳ ಒಕ್ಕೂಟ ಜೊತೆಗೂಡಿದವು.

ಇಂಥ ಓದಿನ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಹಲವು ಪಂಗಡಗಳ ಚರ್ಚುಗಳು ಸೇರಿದ ‘ಸಭೆಗಳ ವಿಶ್ವ ಮಂಡಳಿ’ಗೆ ರೋಮ್ ಸದಸ್ಯವಲ್ಲ. ಆದರೆ ಅದರ ದೇವಶಾಸ್ತ್ರ ಆಯೋಗದಲ್ಲಿ 1968ರಿಂದ ಕಥೋಲಿಕ ಪಂಡಿತರು ಪೂರ್ಣ ಸದಸ್ಯರು. ಆ ಆಯೋಗ 1978ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸೇರಿ, ಕ್ರೈಸ್ತ ನಿರೀಕ್ಷೆಯ ಬಗ್ಗೆ ಎಲ್ಲರೂ ಒಪ್ಪಿದ ಹೇಳಿಕೆಯೊಂದನ್ನು ಹೊರತಂದಿತು. ನಮ್ಮ ಚರ್ಚುಗಳ ಪ್ರವಚನಗಳಲ್ಲಿ ಇದರ ಪ್ರಸ್ತಾಪ ಅಪರೂಪ. ಆಗ್ಸ್‌ಬರ್ಗ್‌ನ ಘೋಷಣೆಯ ಪಾಡೂ ಹಾಗೆಯೇ. ಪಂಡಿತರು ಬಿಚ್ಚಿದ ಗಂಟು ಬಿಚ್ಚಿದೆ ಎಂಬ ಸುದ್ದಿಯೇ ಪೀಠದಿಂದ ಬೆಂಚಿಗೆ ಇಳಿಯಲಿಲ್ಲ.

ಇಳಿದಿದ್ದರೂ ಬೆಂಚಿನವರು ಕೇಳುವ ಪ್ರಶ್ನೆ ಬೇರೆ. ಗಂಡ ಕಥೋಲಿಕ, ಹೆಂಡತಿ ಪ್ರೊಟೆಸ್ಟಂಟ್ ಆದ ಮನೆಯಲ್ಲಿ ಭಾನುವಾರ ಒಬ್ಬರು ಪರಮಪ್ರಸಾದಕ್ಕೆ ಎದ್ದು ಹೋದಾಗ ಇನ್ನೊಬ್ಬರು ಕೂತೇ ಇರಬೇಕು. 2016ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೋಪ್ ಫ್ರಾನ್ಸಿಸ್ ಲೂಥರನ್ನರೊಡನೆ ಸಹಿ ಮಾಡಿದ ಹೇಳಿಕೆ ಈ ನೋವನ್ನು ಹೆಸರಿಸಿತು. 1946ರ ಮಂಡಳಿ ಈಗ ಆ ಪ್ರಶ್ನೆಗೇ ಕೈಹಾಕಿದೆ. ಒಬ್ಬರ ಆರಾಧನೆಯಲ್ಲಿ ಇನ್ನೊಬ್ಬರು ಪ್ರಸಾದ ಸ್ವೀಕರಿಸಲು ದೇವಶಾಸ್ತ್ರದ ಆಧಾರವಿದೆ ಎಂದು 2019ರಲ್ಲಿ ಅದು ವಾದಿಸಿತು. 2020ರ ಸೆಪ್ಟೆಂಬರ್‌ನಲ್ಲಿ ವ್ಯಾಟಿಕನ್ನಿನ ಬೋಧನಾ ವಿಭಾಗ, ಪ್ರಸಾದದ ಅರ್ಥ ಮತ್ತು ಯಾಜಕತ್ವದ ಬಗ್ಗೆ ಇನ್ನೂ ಭೇದಗಳಿವೆ ಎಂದು ಆಕ್ಷೇಪಿಸಿತು. ಮಂಡಳಿ ಉತ್ತರ ಬರೆದಿದೆ. 1541ರಲ್ಲಿ ಮಾತು ನಿಂತ ಪುಟಕ್ಕೆ ಓದು ಮರಳಿ ಬಂದಿದೆ.